ಬರಿಗಾಲಿನ ರಾಣಿಗೆ ಬಾಡಿಗೆ ಕಿರೀಟ

ಎರಡು ವರ್ಷದ ಹಿಂದೆ ಆಫೀಸಿನ ರಾಜ್ಯೋತ್ಸವಕ್ಕೆ ನನ್ನನ್ನು ಹತ್ತು ನಿಮಿಷ ಮಾತಾಡು ಅಂದರು. ಬಂಟ್ವಾಳದವನು ನಾನು, ಅಬ್ಬಕ್ಕನನ್ನು ಬಿಟ್ಟು ಬೇರೆ ಯಾರ ಬಗ್ಗೆ ಮಾತಾಡಲಿ? ರಾತ್ರಿ ಕೂತು ಹನ್ನೆರಡು ಸ್ಲೈಡ್ ಮಾಡಿದೆ. ಮೊದಲನೆಯದರಲ್ಲಿ ಕಿರೀಟ, ಎದೆಗವಚ, ಎತ್ತಿದ ಕತ್ತಿ, ಹಿಂದೆ ಹೊತ್ತಿ ಉರಿಯುವ ಹಡಗು. ಎರಡನೆಯದರಲ್ಲಿ '1525: ಉಳ್ಳಾಲದಲ್ಲಿ ಪಟ್ಟಾಭಿಷೇಕ'. ಆಮೇಲೆ ಗಂಡ ಬಂಗರಾಜನ ಜೊತೆ ಜಗಳ, ಪೋರ್ಚುಗೀಸರ ಜೊತೆ ಯುದ್ಧ, ಮತ್ತೆ ಯುದ್ಧ. ಹನ್ನೊಂದನೆಯದರಲ್ಲಿ '1623: ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ರಾಣಿಯನ್ನು ಭೇಟಿಯಾಗುತ್ತಾನೆ'. ಚೆನ್ನಾಗಿ ಚಪ್ಪಾಳೆ ಬಿತ್ತು. ಕೊನೆಗೆ ಟೆಸ್ಟಿಂಗ್ ಟೀಮಿನ ಹುಡುಗಿಯೊಬ್ಬಳು ಕೈ ಎತ್ತಿದಳು.

"ಸರ್, ಹಾಗಾದ್ರೆ ಅವನು ನೋಡಿದಾಗ ಅವರಿಗೆ ಎಷ್ಟು ವಯಸ್ಸು?"

ಟೆಸ್ಟಿಂಗ್‌ನವರ ಕಣ್ಣೇ ಹಾಗೆ. ಪಟ್ಟಕ್ಕೆ ಕೂತು ತೊಂಬತ್ತೆಂಟು ವರ್ಷ. ಪಟ್ಟವಾಗುವಾಗ ಹುಟ್ಟಿದ ಮಗು ಅಂತಲೇ ಲೆಕ್ಕ ಹಿಡಿದರೂ ಸೆಂಚುರಿಗೆ ಎರಡು ರನ್ ಬಾಕಿ. "ಅದು... ಬೇರೆ ಬೇರೆ ಅಭಿಪ್ರಾಯ ಉಂಟು" ಅಂತ ಏನೋ ತೊದಲಿ ಮೈಕ್ ಕೊಟ್ಟು ಬಂದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ ಮಾರಾಯ್ರೆ. ಚಿಕ್ಕಂದಿನಿಂದ ಕೇಳಿದ ಕತೆ. ಶಾಲೆಯ ನಾಟಕದಲ್ಲಿ ಪೋರ್ಚುಗೀಸ್ ಸೈನಿಕನಾಗಿ ಸತ್ತು ಬಿದ್ದವನು ನಾನು. ಒಂದು ದಿನವೂ ಕೂಡಿ ಕಳೆದು ನೋಡಿರಲಿಲ್ಲ.

ದೆಲ್ಲಾ ವಾಲೆಯ ಪತ್ರಗಳನ್ನು ನಾನು ಮೊದಲ ಸಲ ಓದಿದ್ದು ಆ ನಾಚಿಕೆಯಿಂದ. ಅದಕ್ಕೂ ಮೊದಲು ಅವನ ಹೆಸರು ಸ್ಲೈಡಿಗೆ ಹಾಕಿದ್ದೆ, ಓದಿರಲಿಲ್ಲ. ನಮ್ಮಲ್ಲಿ ಅಬ್ಬಕ್ಕನ ಬಗ್ಗೆ ಬರೆಯುವವರಲ್ಲಿ ಎಷ್ಟೋ ಜನರ ಸ್ಥಿತಿ ಇದೇ ಅಂತ ಈಗ ಅನ್ನಿಸುತ್ತದೆ. ಓದಿದ್ದರೆ ಆ ಚಿತ್ರ ಹಾಕುತ್ತಿರಲಿಲ್ಲ.

ಈ ದೆಲ್ಲಾ ವಾಲೆ ರೋಮಿನ ದೊಡ್ಡ ಮನೆತನದವನು. ತುರ್ಕಿ ನೋಡಿದವನು, ಪರ್ಷಿಯಾದ ಶಾ ಅಬ್ಬಾಸನ ಆಸ್ಥಾನದಲ್ಲಿ ಓಡಾಡಿದವನು. ಬಾಗ್ದಾದಿನಲ್ಲಿ ಮದುವೆಯಾದ ಹೆಂಡತಿ ಮಾನಿ 1621ರ ಕೊನೆಗೆ ತೀರಿಕೊಂಡಾಗ, ಅವಳ ದೇಹವನ್ನು ಕೆಡದಂತೆ ಪೆಟ್ಟಿಗೆಯಲ್ಲಿಟ್ಟು ಊರೂರು ಜೊತೆಗೇ ಒಯ್ದು ಕೊನೆಗೆ ರೋಮಿನಲ್ಲಿ ಮಣ್ಣು ಮಾಡಿದವನು. (ಅದೇ ಒಂದು ಬೇರೆ ಅಂಕಣ. ಇನ್ನೊಂದು ದಿನ.) ಗೋವಾದಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಬಂದು, ವೆಂಕಟಪ್ಪ ನಾಯಕನನ್ನು ಕಂಡು, ಘಟ್ಟ ಇಳಿದು ಮಂಗಳೂರಿಗೆ ಬಂದ. ಉಳ್ಳಾಲದ ರಾಣಿ ಮಣೇಲಿನಲ್ಲಿದ್ದಾಳೆ ಅಂತ ಕೇಳಿ 1623ರ ಡಿಸೆಂಬರಿನಲ್ಲಿ ಅಲ್ಲಿಗೆ ಹೋದ. ಮೂಡುಬಿದಿರೆಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಬರುವಾಗ ಗಂಜಿಮಠ ಸಿಗುತ್ತದಲ್ಲ, ಅದರ ಹತ್ತಿರದ ಮಳಲಿ-ಮಣೇಲು.

ಅರಮನೆಯ ಬಾಗಿಲಲ್ಲಿ ಕಾಯಬೇಕಾಗಬಹುದು ಅಂದುಕೊಂಡವನಿಗೆ ರಾಣಿ ಬೀದಿಯಲ್ಲೇ ಸಿಕ್ಕಳು. ನಡೆದುಕೊಂಡು ಬರುತ್ತಿದ್ದಳು. ಎಲ್ಲೋ ತೋಡು ಅಗೆಸುತ್ತಿದ್ದಳಂತೆ, ಆ ಕೆಲಸದ ಉಸಾಬರಿ. ಕಾಲಿಗೆ ಏನೂ ಇಲ್ಲ. ಸೊಂಟಕ್ಕೆ ದಪ್ಪ ಬಿಳಿ ಹತ್ತಿ ಬಟ್ಟೆ, ತಲೆಗೆ ಸುತ್ತಿದ ಇನ್ನೊಂದು ಬಟ್ಟೆಯ ತುದಿ ಹೆಗಲಿಗೂ ಎದೆಗೂ ಸ್ವಲ್ಪ ಇಳಿಬಿದ್ದಿತ್ತು, ಅಷ್ಟೇ. ಮೇಲೆ ಒಬ್ಬ ಹಿಡಿದ ತಾಳೆಗರಿಯ ಕೊಡೆ. ಕಪ್ಪು ಬಣ್ಣ, ತುಂಬಿದ ಮೈ, ಆದರೂ ಚುರುಕು ನಡಿಗೆ. ಪೋರ್ಚುಗೀಸರು ಅವನಿಗೆ ಮುದುಕಿ ಅಂತ ಹೇಳಿ ಕಳಿಸಿದ್ದರು, ಹಲ್ಲಿಲ್ಲ ಅಂತಲೂ ಹೇಳಿದ್ದರು. ಅವನು ಕಂಡದ್ದು ನಲವತ್ತರ ಆಸುಪಾಸಿನ ಹೆಂಗಸನ್ನು. ಹಲ್ಲಿನ ಕತೆಯೂ ಸುಳ್ಳು ಅಂತ ಬರೆದ. ನೋಡಿದರೆ ಅಡುಗೆಮನೆ ಕೆಲಸದವಳೋ ಬಟ್ಟೆ ಒಗೆಯುವವಳೋ ಅನ್ನಿಸಿತು, ಯುರೋಪಿನಲ್ಲಿ ಅಷ್ಟು ದೊಡ್ಡವನಾದ ಸ್ಪೇನಿನ ರಾಜನ ಸೈನ್ಯವನ್ನು ಇಲ್ಲಿ ಸೋಲಿಸುವವರು ಇಂಥವರಾ ಅಂತ ಮನಸ್ಸಿನಲ್ಲೇ ಬೆರಗಾದ. (ಆಗ ಪೋರ್ಚುಗಲ್ ಸ್ಪೇನಿನ ರಾಜನ ಕೈಕೆಳಗಿತ್ತು.) ಆಮೇಲೆ ರಾಣಿ ಬಾಯಿ ಬಿಟ್ಟಳು. ಅಲ್ಲಿಂದ ಅವನ ಬರವಣಿಗೆಯ ಧಾಟಿಯೇ ಬದಲಾಗುತ್ತದೆ. ದನಿ ಇಂಪಾಗಿತ್ತು, ಮಾತು ವಿವೇಕದ್ದಾಗಿತ್ತು, ರೂಪದಲ್ಲಿ ಕಾಣದ ದೊಡ್ಡಸ್ತಿಕೆ ಮಾತಿನಲ್ಲಿ ಕಂಡಿತು ಅನ್ನುತ್ತಾನೆ.

ಇದನ್ನು ಓದಿದವತ್ತು ನಾನು ನನ್ನ ಮೊದಲನೇ ಸ್ಲೈಡನ್ನು ಮತ್ತೆ ತೆರೆದು ನೋಡಿದೆ. ಆ ಕಿರೀಟ ಯಾರದ್ದು?

ಮೊದಲು ಲೆಕ್ಕ ಮುಗಿಸಿಬಿಡುತ್ತೇನೆ. 1623ರಲ್ಲಿ ನಲವತ್ತು ಅಂದರೆ ಹುಟ್ಟಿದ್ದು 1583ರ ಹೊತ್ತಿಗೆ. ಉಳ್ಳಾಲದ ಜೊತೆ ಪೋರ್ಚುಗೀಸರ ದೊಡ್ಡ ಜಟಾಪಟಿಗಳು 1555ರಿಂದ 1568ರವರೆಗಿನವು. 1568ರಲ್ಲಿ ಅವರು ಮಂಗಳೂರಿನಲ್ಲಿ ಕೋಟೆಯನ್ನೇ ಕಟ್ಟಿದರು. ಆಗ ಕಾದಾಡಿದ ರಾಣಿ ಬೇರೆ, ದೆಲ್ಲಾ ವಾಲೆ ಕಂಡ ರಾಣಿ ಬೇರೆ. ಉಳ್ಳಾಲದಲ್ಲಿ ಒಂದಕ್ಕಿಂತ ಹೆಚ್ಚು ಅಬ್ಬಕ್ಕಂದಿರು ಆಳಿದರು ಅಂತ ಇತಿಹಾಸಕಾರರು ಹೇಳುತ್ತಲೇ ಬಂದಿದ್ದಾರೆ, ಇದೇನೂ ನನ್ನ ಸಂಶೋಧನೆ ಅಲ್ಲ. ಆದರೆ ನಮ್ಮ ನಾಟಕ, ಕಾದಂಬರಿ, ಭಾಷಣ, ವಾಟ್ಸಾಪ್ ಫಾರ್ವರ್ಡ್ ಎಲ್ಲದರಲ್ಲೂ ಅವರೆಲ್ಲ ಕರಗಿ ಒಬ್ಬಳೇ. ಗಂಡ ಬಂಗರಾಜನಿಗೆ ಒಡವೆ ವಾಪಸ್ ಕಳಿಸಿ ಮದುವೆ ಮುರಿದುಕೊಂಡ ಪ್ರಸಂಗ ದೆಲ್ಲಾ ವಾಲೆ ಬರೆದದ್ದು, ತಾನು ಕಂಡ ಆ ರಾಣಿಯ ಬಗ್ಗೆ. ನಾವು ಅದನ್ನು ಎತ್ತಿ ಐವತ್ತು ಅರವತ್ತು ವರ್ಷ ಹಿಂದಿನ ಯುದ್ಧದ ಮುಂಚೆ ಇಟ್ಟೆವು. ಯಾಕೆಂದರೆ ಹಾಗಿಟ್ಟರೆ ಕತೆಗೆ ಒಂದು ವಿಲನ್ ಸಿಗುತ್ತದೆ, ಇಂಟರ್‌ವಲ್‌ಗೆ ಸರಿಯಾಗಿ.

ಒಬ್ಬಳೇ ಆದರೆ ಏನು ನಷ್ಟ? ನಾನೂ ಹಾಗೇ ಕೇಳಿಕೊಂಡಿದ್ದೆ. ಕತೆ ಅಂದ ಮೇಲೆ ಅಷ್ಟು ಸಲಿಗೆ ಬೇಡವಾ? ಉತ್ತರ ಸಿಕ್ಕಿದ್ದು ಲಿಸ್ಬನ್ನಿನಲ್ಲಿ. ಹೋಗಿಲ್ಲ, ಪುಸ್ತಕದಲ್ಲಿ.

ನಮ್ಮ ಅಬ್ಬಕ್ಕನಿಗೆ ಪಟ್ಟವಾಯಿತು ಅನ್ನುವ ಅದೇ 1525ರಲ್ಲಿ ಪೋರ್ಚುಗಲ್ಲಿನ ಮೂರನೇ ಜುವಾಂವ್ ದೊರೆಗೆ ಮದುವೆಯಾಯಿತು. ಹುಡುಗಿ ಕತರೀನಾ, ಚಕ್ರವರ್ತಿ ಐದನೇ ಚಾರ್ಲ್ಸನ ತಂಗಿ. ಒಂಬತ್ತು ಮಕ್ಕಳನ್ನು ಹೆತ್ತಳು, ಒಂಬತ್ತೂ ಅವಳ ಕಣ್ಣೆದುರಿಗೇ ಸತ್ತವು. ಕೊನೆಯ ಮಗ 1554ರ ಜನವರಿಯಲ್ಲಿ ತೀರಿಕೊಂಡು ಹದಿನೆಂಟು ದಿನಕ್ಕೆ ಅವನ ಮಗ ಸೆಬಾಸ್ಟಿಯನ್ ಹುಟ್ಟಿದ. ಮೂರು ವರ್ಷದಲ್ಲಿ ಗಂಡನೂ ಹೋದ. ಮೂರು ವರ್ಷದ ಮೊಮ್ಮಗ ರಾಜ, ಅಜ್ಜಿ ಕತರೀನಾ ರಾಜಪ್ರತಿನಿಧಿ. ಕರಾವಳಿಗೆ ನೌಕೆಗಳು ಬರುತ್ತಿದ್ದ ಕಾಲದಲ್ಲಿ, 1557ರಿಂದ 1562ರವರೆಗೆ, ಗೋವಾದ ವೈಸರಾಯಿಗಳ ಮೇಲಿನ ಮೇಲಧಿಕಾರಿ ಈ ಹೆಂಗಸು. ನಮ್ಮ ಯಾವ ನಾಟಕದಲ್ಲೂ ಇವಳಿಲ್ಲ. ಅಲ್ಲಿ ಪೋರ್ಚುಗೀಸರು ಅಂದರೆ ಮೀಸೆ, ಟೋಪಿ, ಕೆಟ್ಟ ಕನ್ನಡ.

ಕತರೀನಾಳ ಆಸ್ಥಾನ ಹೇಗಿತ್ತು ಅಂತ ತಿಳಿಯುವುದು ಕಷ್ಟವಿಲ್ಲ. ಅವಳ ಬಳಿ ಏನೇನಿತ್ತು ಅನ್ನುವುದರ ಪಟ್ಟಿಗಳು ಉಳಿದಿವೆ. ಚೀನಾದ ಪಿಂಗಾಣಿ, ಸಿಂಹಳದ ದಂತದ ಪೆಟ್ಟಿಗೆ, ಒಡವೆ, ಬೀಸಣಿಗೆ, ದೂರದೇಶದ ಪ್ರಾಣಿಗಳು. ಪೂರ್ವದ ಸಮುದ್ರದಿಂದ ಬಂದ ಸಂಪತ್ತು ಅವಳ ಕೋಣೆಯಲ್ಲಿ ಸಂಗ್ರಹವಾಗಿ ಕೂತಿತ್ತು. ಆಂತೊನಿಸ್ ಮೋರ್ ಎಂಬ ಕಲಾವಿದ 1552ರಲ್ಲಿ ಬರೆದ ಅವಳ ಚಿತ್ರ ಮ್ಯಾಡ್ರಿಡ್ಡಿನ ಪ್ರಾಡೊ ಮ್ಯೂಸಿಯಮ್ಮಿನಲ್ಲಿದೆ. ನೆಟ್ಟಿನಲ್ಲೇ ನೋಡಬಹುದು. ಭಾರದ ಉಡುಪು, ಭಾರದ ಒಡವೆ, ನಗದ ಮುಖ. ಆ ಉಡುಪಿನಲ್ಲಿ ತೋಡಿನ ಬದಿಗೆ ಹೋಗುವುದು ಇರಲಿ, ಬೇಗ ಎದ್ದು ನಿಲ್ಲುವುದೂ ಕಷ್ಟ.

ಆದರೆ ಇಷ್ಟೆಲ್ಲ ಇದ್ದ ಕತರೀನಾ ಆಳಿದ್ದು ಯಾವ ಹಕ್ಕಿನಿಂದ? ಮೊದಲು ದೊರೆಯ ಹೆಂಡತಿ, ಆಮೇಲೆ ಪುಟ್ಟ ದೊರೆಯ ಅಜ್ಜಿ. ಹುಡುಗ ದೊಡ್ಡವನಾಗುವವರೆಗೆ ಕುರ್ಚಿ ಬೆಚ್ಚಗಿಡುವ ಕೆಲಸ. ಅದನ್ನೂ 1562ರಲ್ಲಿ ಗಂಡನ ತಮ್ಮ, ಕಾರ್ಡಿನಲ್ ಹೆನ್ರಿಕ್‌ಗೆ ಬಿಟ್ಟುಕೊಟ್ಟಳು. ಉಳ್ಳಾಲದ ರಾಣಿ ಯಾರ ಹೆಂಡತಿಯಾಗಿಯೂ ರಾಣಿಯಲ್ಲ. ಗಂಡನ ಒಡವೆ ವಾಪಸ್ ಕಳಿಸಿದ ಮೇಲೂ ಅವಳು ರಾಣಿಯೇ, ಯಾಕೆಂದರೆ ಸಿಂಹಾಸನ ಅವನ ಕಡೆಯಿಂದ ಬಂದದ್ದಲ್ಲ. ಚೌಟರದ್ದು ಅಳಿಯಸಂತಾನ. ಅಧಿಕಾರ ಹೆಣ್ಣಿನ ದಾರಿಯಲ್ಲಿ ಹರಿಯುವ ಮನೆ. ಈಗ ಹೇಳಿ, ಒಬ್ಬಳೇ ವೀರನಾರಿ ಅಂದಾಗ ನಷ್ಟವಾದದ್ದು ಏನು? ಒಬ್ಬಳಾದರೆ ಅದು ಪವಾಡ. ಒಬ್ಬಳಾದ ಮೇಲೆ ಇನ್ನೊಬ್ಬಳಾದರೆ ಅದು ವ್ಯವಸ್ಥೆ. ನಾವು ವ್ಯವಸ್ಥೆಯನ್ನು ಅಳಿಸಿ ಪವಾಡವನ್ನು ಉಳಿಸಿಕೊಂಡೆವು. ಪವಾಡಕ್ಕೆ ಹೂ ಹಾಕಿದರೆ ಸಾಕು, ವ್ಯವಸ್ಥೆ ಆದರೆ ನಮ್ಮ ಮನೆಯ ಪಹಣಿಯಲ್ಲಿ ಯಾರ ಹೆಸರುಂಟು ಅಂತ ಕೇಳುತ್ತದೆ.

ಅಳಿಯಕಟ್ಟನ್ನು ನಾನು ಹೊಗಳಿ ಅಟ್ಟಕ್ಕೇರಿಸುವುದಿಲ್ಲ. ನಮ್ಮ ಮನೆಯೂ ಅದೇ. ಆಸ್ತಿ ಹೆಂಗಸರ ಹೆಸರಿನಲ್ಲಿ ಹರಿದರೂ ಯಜಮಾನಿಕೆ ಮಾಡುತ್ತಿದ್ದದ್ದು ಹೆಚ್ಚಾಗಿ ಮಾವಂದಿರು. ಬೀಗದ ಕೈ ಅಜ್ಜಿಯ ಸೊಂಟದಲ್ಲಿ, ಬೀಗ ತೆಗೆಯುವ ತೀರ್ಮಾನ ಅಜ್ಜಿಯ ಅಣ್ಣನದ್ದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಅದೂ ಮೆಲ್ಲಗೆ ಸಡಿಲಾಯಿತು. ಆದರೂ ನನ್ನ ಅಜ್ಜಿ ನಿಲ್ಲುತ್ತಿದ್ದ ರೀತಿ ಇತ್ತಲ್ಲ, ಅದು ಬೇರೆ. ಡಿಸೆಂಬರ್ ಬಂತೆಂದರೆ ನಮ್ಮಲ್ಲಿ ತೋಡಿಗೆ ಕಟ್ಟ ಹಾಕುತ್ತಾರೆ. ಮಳೆ ನಿಂತು ಹರಿವು ಇಳಿದ ಮೇಲೆ ಮಣ್ಣು, ಸೊಪ್ಪು, ಕಲ್ಲು ಹಾಕಿ ನೀರು ನಿಲ್ಲಿಸಿ ಗದ್ದೆಗೂ ತೋಟಕ್ಕೂ ಬಿಡುವುದು. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆಗೆ ಮುಟ್ಟಾಳೆ ಇಟ್ಟು, ಬರಿಗಾಲಲ್ಲಿ ಕಟ್ಟದ ಮೇಲೆ ನಿಲ್ಲುತ್ತಿದ್ದಳು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನುವ ಜಗಳ ಅಲ್ಲೇ ತೀರ್ಮಾನ. ಮಾವಂದಿರೂ ಅಲ್ಲಿ ಬಾಯಿ ಹಾಕುತ್ತಿರಲಿಲ್ಲ. ಪೇಟೆಯಿಂದ ಬಂದ ಯಾರೋ ಒಮ್ಮೆ ಅವಳನ್ನೇ "ಅಮ್ಮಾ, ಧಣಿಗಳು ಇದ್ದಾರಾ?" ಅಂತ ಕೇಳಿದ್ದರು. ದೆಲ್ಲಾ ವಾಲೆ ಅದಕ್ಕೂ ಮುನ್ನೂರೈವತ್ತು ವರ್ಷ ಮೊದಲು ಬಂದ ಅದೇ ಪೇಟೆಯ ಮನುಷ್ಯ. ತಿಂಗಳೂ ಅದೇ, ಡಿಸೆಂಬರ್.

ಅವನಿಗೆ ಆ ತೋಡಿನ ಕೆಲಸ ರಾಣಿಗೆ ಒಪ್ಪದ ಕೆಲಸದ ಹಾಗೆ ಕಂಡಿತು. ಆದರೆ ಈ ಕರಾವಳಿಯಲ್ಲಿ ಪೋರ್ಚುಗೀಸರಿಗೆ ಬೇಕಾದದ್ದು ಕಾಳುಮೆಣಸು ಒಂದೇ ಅಲ್ಲ, ಅಕ್ಕಿ. ಗೋವಾದ ಹೊಟ್ಟೆ ತುಂಬುತ್ತಿದ್ದದ್ದು ಇಲ್ಲಿಯ ಅಕ್ಕಿಯಿಂದ. ಅವರು ಕೇಳುತ್ತಿದ್ದ ಕಪ್ಪದಲ್ಲೂ ಅಕ್ಕಿಯ ಮುಡಿಗಳ ಲೆಕ್ಕ ಇತ್ತು. ಅಂದರೆ ನೀರು ಗದ್ದೆಗೆ ಬಂದರೆ ಭತ್ತ, ಭತ್ತವಿದ್ದರೆ ಹಡಗು ಬಾಗಿಲಿಗೆ ಬರುತ್ತದೆ, ಯಾರಿಗೆ ಕೊಡಬೇಕು ಯಾರಿಗೆ ಕೊಡಬಾರದು ಅನ್ನುವ ಅಧಿಕಾರ ಕೈಯಲ್ಲಿರುತ್ತದೆ. ನನ್ನ ಪ್ರಕಾರ ಆ ತೋಡೇ ಅವಳ ಆಸ್ಥಾನ, ಅದೇ ಬೊಕ್ಕಸ. ಕತರೀನಾಳ ಕೋಣೆಯ ಪಿಂಗಾಣಿಗೂ ಮಣೇಲಿನ ಈ ಮಣ್ಣಿನ ಕಾಲುವೆಗೂ ನಡುವೆ ಒಂದೇ ವ್ಯಾಪಾರದ ಹಗ್ಗ. ಒಂದು ತುದಿಯಲ್ಲಿ ಅದು ಸಂಗ್ರಹ, ಇನ್ನೊಂದು ತುದಿಯಲ್ಲಿ ಬೆವರು.

ಕಳೆದ ಕ್ರಿಸ್‌ಮಸ್ ರಜೆಯಲ್ಲಿ ಊರಿಗೆ ಹೋದಾಗ ಮೂರು ದಿನ ಸುಮ್ಮನೆ ಇದಕ್ಕಾಗಿಯೇ ಸುತ್ತಿದೆ. ಮೂಡುಬಿದಿರೆಯ ಚೌಟರ ಅರಮನೆಗೆ ಹೋದೆ. ಚೌಟರು ಸೋಮೇಶ್ವರ-ಉಳ್ಳಾಲದಿಂದ ಪುತ್ತಿಗೆಗೆ, ಅಲ್ಲಿಂದ ಮೂಡುಬಿದಿರೆಗೆ ಬಂದವರು. ಅರಮನೆ ಅಂದರೆ ಗೋಪುರ ಗುಮ್ಮಟ ಹುಡುಕಬೇಡಿ. ದೊಡ್ಡ ಹಂಚಿನ ಮನೆ. ಆದರೆ ಮರದ ಕಂಬಗಳ ಕೆತ್ತನೆ ಇದೆಯಲ್ಲ, ಅದರ ಮುಂದೆ ಅರ್ಧ ಗಂಟೆ ನಿಂತೆ. ಒಂದರಲ್ಲಿ ಒಂಬತ್ತು ಹೆಂಗಸರು ಕೈಕಾಲು ಹೆಣೆದುಕೊಂಡು ಒಂದು ಆನೆ ಆಗಿದ್ದಾರೆ, ನವನಾರಿ ಕುಂಜರ. ಇನ್ನೊಂದರಲ್ಲಿ ಐದು ಹೆಂಗಸರು ಸೇರಿ ಕುದುರೆ, ಪಂಚನಾರಿ ತುರಗ. ದೂರದಿಂದ ಕಾಣುವುದು ಆನೆ. ಹತ್ತಿರ ಹೋದರೆ ಜಡೆ, ಬಳೆ, ಬಾಗಿದ ಬೆನ್ನು. ನಮ್ಮ ಚಿತ್ರಪರಂಪರೆಯಲ್ಲಿ ಇಂಥ ಆನೆಯ ಮೇಲೆ ಸಾಮಾನ್ಯವಾಗಿ ಕೃಷ್ಣ ಕೂತಿರುತ್ತಾನೆ. ನನಗೆ ನೆನಪಾದದ್ದು ನಮ್ಮ 'ಅಬ್ಬಕ್ಕ'. ಹಲವು ರಾಣಿಯರನ್ನು ಹೆಣೆದು ಒಂದು ಆನೆ ಮಾಡಿದ್ದೇವೆ. ಮೇಲೆ ಯಾರು ಬೇಕಾದರೂ ಕೂರಬಹುದು. ಒಂದು ಪಕ್ಷ, ಇನ್ನೊಂದು ಪಕ್ಷ, ಜಾತಿ ಸಂಘ, ಮಹಿಳಾ ದಿನಾಚರಣೆಯ ಸಮಿತಿ, ಆಫೀಸಿನ ರಾಜ್ಯೋತ್ಸವದಲ್ಲಿ ಹತ್ತು ನಿಮಿಷ ಮಾತಾಡುವ ನಾನು.

ಸಾವಿರ ಕಂಬದ ಬಸದಿಯನ್ನು ಬೇಗ ಮುಗಿಸಿದೆ, ರಜೆಯ ಜನ ಜಾಸ್ತಿ. ಭೈರಾದೇವಿ ಮಂಟಪದ ಅಡಿಪಟ್ಟಿಯಲ್ಲಿ ಕೆತ್ತಿದ ಜಿರಾಫೆಯನ್ನೂ ಚೀನಾದ ಡ್ರ್ಯಾಗನ್ನನ್ನೂ ಮಾತ್ರ ಹುಡುಕಿ ನೋಡಿದೆ. ಸಮುದ್ರ ಅಲ್ಲಿಂದ ದೂರ. ಆದರೂ ಕಲ್ಲು ಕೆತ್ತುವವನಿಗೆ ಆಫ್ರಿಕಾದ ಪ್ರಾಣಿಯ ಸುದ್ದಿ ತಲುಪಿದೆ. ಮಂಟಪಕ್ಕೆ ಹೆಸರು ಹೆಣ್ಣಿನದ್ದು. ಬೆಳ್ತಂಗಡಿ ಕಡೆ ವೇಣೂರಿಗೂ ಹೋದೆ. 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ ಗೊಮ್ಮಟನ ಮುಂದೆ ಎಲ್ಲರೂ ಸೆಲ್ಫಿ ತೆಗೆಯುತ್ತಿದ್ದರು. ಪಕ್ಕದಲ್ಲೇ ಅವನ ರಾಣಿಯರು ಕಟ್ಟಿಸಿದ ಅಕ್ಕಂಗಳ ಬಸದಿ, ಅದರ ಕಡೆ ಕ್ಯಾಮೆರಾ ತಿರುಗುವುದು ಕಡಿಮೆ. ಅಲ್ಲಿ ಕೆಳಗೆ ಹರಿಯುವ ಫಲ್ಗುಣಿಯೇ ಮುಂದೆ ಗುರುಪುರ ಹೊಳೆಯಾಗಿ ಮಂಗಳೂರಿಗೆ ಹೋಗುವುದು. ಅದೇ ತಾಲೂಕಿನ ಬಂಗಾಡಿ ಬಂಗರಾಜರ ಮೂಲ ನೆಲೆ, ಇತ್ತ ಬಂಟ್ವಾಳದ ನಂದಾವರದಲ್ಲೂ ಅವರ ಕೋಟೆ ಇತ್ತು. ಗಂಡನ ಮನೆಗೂ ಹೆಂಡತಿಯ ಮನೆಗೂ ಇವತ್ತಿನ ಲೆಕ್ಕದಲ್ಲಿ ಒಂದೆರಡು ಬಸ್ಸಿನ ದಾರಿ. ಈ ಅಂತರವನ್ನು ಬಸ್ಸಲ್ಲಿ ಕೂತು ಅಳೆದ ಮೇಲೆ 'ಸಾಮ್ರಾಜ್ಞಿ' ಅನ್ನುವ ಪದ ಬಾಯಿಗೆ ಬರುವುದಿಲ್ಲ. ಇಷ್ಟು ಸಣ್ಣ ಜಾಗದಿಂದ ಅಷ್ಟು ದೊಡ್ಡ ನೌಕಾಪಡೆಗೆ ಆಗಲ್ಲ ಅಂತ ಹೇಳಿದ್ದು ನಿಜಕ್ಕೂ ದೊಡ್ಡ ಧೈರ್ಯ ಅನ್ನಿಸುತ್ತದೆ. ಅದನ್ನು ದೊಡ್ಡದು ಮಾಡಲು ನಾವು ರಾಜ್ಯವನ್ನು ಹಿಗ್ಗಿಸಬೇಕಾಗಿಲ್ಲ.

ಕೊನೆಯ ದಿನ ನಮ್ಮೂರಿನದ್ದೇ. ಬಿ.ಸಿ. ರೋಡಿನ ಸಂಚಯಗಿರಿಯಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ, ತುಳು ಬದುಕು ವಸ್ತು ಸಂಗ್ರಹಾಲಯ. ಅಬ್ಬಕ್ಕನಿಗೆ ಅಂತಲೇ ಚಿತ್ರಗಳ ಗ್ಯಾಲರಿ ಇರುವ ಜಾಗ. ಅಬ್ಬಕ್ಕನ ಹೆಸರನ್ನು ಬರೀ ಭಾಷಣದಲ್ಲಿ ಅಲ್ಲದೆ ಕಟ್ಟಡವಾಗಿ ನಿಲ್ಲಿಸಿದವರು ಅವರು, ಆ ಬಗ್ಗೆ ನನಗೆ ಗೌರವ ಬಿಟ್ಟು ಬೇರೇನಿಲ್ಲ. ಆದರೆ ನನ್ನ ಕಾಲು ಹೆಚ್ಚು ಹೊತ್ತು ನಿಂತದ್ದು ಚಿತ್ರಗಳ ಮುಂದೆ ಅಲ್ಲ, ನೇಗಿಲು, ಅಳತೆಯ ಸೇರು, ದೀಪ, ಅಡುಗೆಮನೆಯ ಪಾತ್ರೆಗಳ ಮುಂದೆ. ಮಣೇಲಿನ ರಾಣಿಯ ಮನೆಯಲ್ಲಿ ಇದ್ದಿರಬಹುದಾದ ವಸ್ತುಗಳು ಇವು. ಕತರೀನಾಳ ಪಟ್ಟಿಗೆ ನಮ್ಮ ಉತ್ತರ ಇದ್ದರೆ ಇದೇ.

ಕಿರೀಟದ ಬಗ್ಗೆ ತಕರಾರು ಅಂದರೆ ಯಕ್ಷಗಾನದ ಬಗ್ಗೆಯೂ ಅಂತ ತಿಳಿಯಬೇಡಿ. ಯಕ್ಷಗಾನದಲ್ಲಿ ಕಿರೀಟ ವೇಷದ ವ್ಯಾಕರಣ. ಅಲ್ಲಿ ಯಾರೂ ಇದು ನಿಜವಾದ ಉಡುಪು ಅಂತ ಹೇಳುವುದಿಲ್ಲ, ನೋಡುವವರೂ ನಂಬುವುದಿಲ್ಲ. ತಕರಾರು ಕ್ಯಾಲೆಂಡರ್ ಚಿತ್ರದ ಬಗ್ಗೆ, ವೃತ್ತದ ಪ್ರತಿಮೆಯ ಬಗ್ಗೆ, 'ಹೀಗೇ ಇದ್ದಳು' ಅನ್ನುವ ಚಿತ್ರಗಳ ಬಗ್ಗೆ. ಕರಾವಳಿ ಕಾವಲು ಪಡೆಯ ಹಡಗಿಗೆ 2012ರಲ್ಲಿ ಅವಳ ಹೆಸರಿಟ್ಟರು, ಅದು ಚೆಂದ. ಹಡಗಿಗೆ ಹೆಸರು ಸಾಕು, ಮುಖ ಬೇಡ. ಮುಖ ಬರೆಯಲು ಹೊರಟಾಗ ನಮಗೆ ಅಂಜಿಕೆ ಶುರುವಾಗುತ್ತದೆ. ಕಪ್ಪು ಬಣ್ಣ ತಿಳಿಯಾಗುತ್ತದೆ, ತುಂಬಿದ ಮೈ ಬಳುಕುತ್ತದೆ, ನಲವತ್ತು ಇಪ್ಪತ್ತೈದಾಗುತ್ತದೆ, ಕಾಲಿಗೆ ಪಾದರಕ್ಷೆ ಬರುತ್ತದೆ. ರವಿಕೆ ತೊಡಿಸುವುದು ಬೇಡ ಅಂತ ನಾನು ಹೇಳುತ್ತಿಲ್ಲ, ನಾಲ್ಕು ಜನ ನೋಡುವ ಜಾಗ. ಆದರೆ ರವಿಕೆಯ ಜೊತೆ ಕತರೀನಾಳ ಇಡೀ ಬೀರು ಯಾಕೆ ಬೇಕು? ದೆಲ್ಲಾ ವಾಲೆಗೆ ಅವಳು ಕೆಲಸದವಳ ಹಾಗೆ ಕಂಡಳು. ನಮ್ಮ ಚಿತ್ರಕಾರರಿಗೂ ಒಳಗೊಳಗೆ ಅದೇ ಹೆದರಿಕೆ, ಹಾಗೆ ಕಂಡುಬಿಟ್ಟರೆ ಅಂತ. ವ್ಯತ್ಯಾಸ ಇಷ್ಟೇ, ಅವನು ಅವಳ ಮಾತು ಕೇಳಿಸಿಕೊಂಡು ತನ್ನ ಅಭಿಪ್ರಾಯ ಬದಲಿಸಿಕೊಂಡ.

ವಾಪಸ್ ಬಂದ ಮೇಲೆ ಸ್ಲೈಡ್ ತಿದ್ದಿದೆ. '1525–1623' ತೆಗೆದು, ಅಬ್ಬಕ್ಕ ಅನ್ನುವಲ್ಲೆಲ್ಲ ಅಬ್ಬಕ್ಕಂದಿರು ಅಂತ ಮಾಡಿದೆ. ಗಂಡನ ಕತೆಯನ್ನು ಅದರ ಕಾಲಕ್ಕೆ ಸರಿಸಿದೆ. ಮೊದಲನೇ ಸ್ಲೈಡಿಗೆ ಬೇರೆ ಚಿತ್ರ ಹುಡುಕಿದೆ. ತಾಳೆಗರಿಯ ಕೊಡೆಯ ಕೆಳಗೆ, ದಪ್ಪ ಬಿಳಿ ಬಟ್ಟೆ ಉಟ್ಟು, ಬರಿಗಾಲಲ್ಲಿ ತೋಡಿನ ಬದಿ ನಿಂತ ನಲವತ್ತರ ರಾಣಿ. ಎರಡು ಗಂಟೆ ಹುಡುಕಿದರೂ ಸಿಗಲಿಲ್ಲ. ಎಐಗೆ ಹೇಳಿ ನೋಡಿದೆ, ಅದು ಕಿರೀಟ ಇಟ್ಟೇ ಕೊಟ್ಟಿತು. ಬೇಡ ಅಂದರೆ ಸಣ್ಣ ಕಿರೀಟ ಇಟ್ಟು ಕೊಟ್ಟಿತು. ಕೊನೆಗೆ ಹೆಸರು ಮಾತ್ರ ಬರೆದು ಮಿಕ್ಕದ್ದು ಖಾಲಿ ಬಿಟ್ಟೆ.

ಆ ವರ್ಷದ ರಾಜ್ಯೋತ್ಸವದಲ್ಲಿ ಪ್ರೊಜೆಕ್ಟರ್ ಆನ್ ಆಗುತ್ತಲೇ ಮುಂದಿನ ಸಾಲಿನಿಂದ ಅದೇ ಟೆಸ್ಟಿಂಗ್ ಹುಡುಗಿ ಕೇಳಿದಳು: "ಸರ್, ಇಮೇಜ್ ಲೋಡ್ ಆಗ್ಲಿಲ್ವಾ?"